ಮಾರುಕಟ್ಟೆಯ ಮಗ್ಗುಲಲ್ಲಿ ಒಂದು ಕೋಟೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೂವು, ಹಣ್ಣು, ತರಕಾರಿಗೆಂದು ದಿನನಿತ್ಯ ಬಂದುಹೋಗುವ ಸಾವಿರಾರು ಮಂದಿಯಲ್ಲಿ, ಪಕ್ಕದಲ್ಲೇ ಒಂದು ಕೋಟೆಯ ಹೆಬ್ಬಾಗಿಲು ಇದೆ ಎಂಬುದನ್ನು ಗಮನಿಸುವವರು ಕಡಿಮೆ. ಬಸ್ಸಿನ ಕಿಟಕಿಯಿಂದ ಅದು ಯಾವುದೋ ಸರ್ಕಾರಿ ಕಟ್ಟಡದ ಹಳೆಯ ಕಾಂಪೌಂಡಿನಂತೆ ಕಾಣುತ್ತದೆ. ಊರಿಗೆ ಬಂದ ನೆಂಟರನ್ನು ಚಿತ್ರದುರ್ಗಕ್ಕೂ ಶ್ರೀರಂಗಪಟ್ಟಣಕ್ಕೂ ಕರೆದೊಯ್ದು ಕೋಟೆ ತೋರಿಸುವ ನಾವು, ನಮ್ಮ ಊರಿಗೂ ಒಂದಲ್ಲ, ಒಂದಕ್ಕೊಂದು ತಗುಲಿಕೊಂಡ ಎರಡು ಕೋಟೆಗಳಿದ್ದವು ಎಂಬುದನ್ನು ಬಹುಮಟ್ಟಿಗೆ ಮರೆತಿದ್ದೇವೆ. ಆ ಎರಡರಲ್ಲಿ ಏನು ಉಳಿದಿದೆ, ಉಳಿದದ್ದನ್ನು ಎಲ್ಲಿ ನೋಡಬೇಕು, ಉಳಿಯದೆ ಹೋದದ್ದು ಹೇಗೆ ಹೋಯಿತು ಎಂಬುದು ಈ ಹೊತ್ತಿನ ಮಾತು.

ಮೊದಲನೆಯದು ಮಣ್ಣಿನ ಕೋಟೆ. ವಿಜಯನಗರದ ಅರಸರಿಗೆ ಅಧೀನನಾಗಿದ್ದ ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಪೇಟೆಯನ್ನು ಕಟ್ಟಿಸಿ ಅದರ ಸುತ್ತ ಎಬ್ಬಿಸಿದ್ದು ಇದು. ಮಣ್ಣಿನ ಕೋಟೆ ಎಂದ ಕೂಡಲೇ ಅದನ್ನು ಬಡವರ ಕೋಟೆ ಎಂದು ತಾತ್ಸಾರ ಮಾಡುವುದು ತರವಲ್ಲ. ಕಂದಕ ತೋಡಿದ ಮಣ್ಣೇ ಗೋಡೆಗೆ ಒದಗುತ್ತಿದ್ದುದರಿಂದ ಒಂದೇ ದುಡಿಮೆಗೆ ಎರಡು ರಕ್ಷಣೆ ದೊರೆಯುತ್ತಿತ್ತು. ಕಲ್ಲಿನ ಗೋಡೆ ಗುಂಡಿನ ಹೊಡೆತಕ್ಕೆ ಸಿಡಿದು ಬಿರುಕು ಬಿಟ್ಟರೆ, ದಪ್ಪನೆಯ ಮಣ್ಣಿನ ಗೋಡೆ ಅದೇ ಗುಂಡನ್ನು ತನ್ನೊಳಗೆ ಹೂತುಕೊಂಡು ಸುಮ್ಮನಾಗುತ್ತಿತ್ತು. ಅದರ ನಿಜವಾದ ಶತ್ರು ಮಳೆ. ವರ್ಷ ವರ್ಷವೂ ಮಳೆಗಾಲ ಕಳೆದ ಮೇಲೆ ಕುಸಿದ ಕಡೆ ಮೆತ್ತಿ, ಮೇಲೆ ಬೆಳೆದ ಗಿಡಗಂಟೆಗಳನ್ನು ಸವರಿ ನೋಡಿಕೊಳ್ಳದಿದ್ದರೆ ಮಣ್ಣಿನ ಕೋಟೆ ಮತ್ತೆ ಕಂದಕಕ್ಕೇ ಇಳಿದುಹೋಗುತ್ತದೆ. ಪೇಟೆಯ ಕೋಟೆ ಕಣ್ಮರೆಯಾದುದರಲ್ಲಿ ಈ ಆರೈಕೆ ನಿಂತುಹೋದದ್ದೂ ಒಂದು ಕಾರಣ. ಗೋಡೆಯ ಹೊರಗೆ ದಟ್ಟವಾದ ಮುಳ್ಳಿನ ಬೇಲಿಯೂ ಇತ್ತು. ಕಾವಲಿಗೆ ಅದೇನೂ ಕಡಿಮೆಯದಲ್ಲ.

ಆ ಕೋಟೆಯ ಗೋಡೆ ಇಂದು ಇಲ್ಲ, ಬಾಗಿಲುಗಳೂ ಇಲ್ಲ. ಆದರೆ ಬಾಗಿಲುಗಳಿದ್ದ ಜಾಗವನ್ನು ನಗರ ಬಿಟ್ಟುಕೊಟ್ಟಿಲ್ಲ. ಹಲಸೂರು ಗೇಟ್ ಎಂದು ಇಂದಿಗೂ ಬಸ್ಸಿನ ಕಂಡಕ್ಟರು ಕೂಗುತ್ತಾರೆ. ಅಲ್ಲಿನ ಪೊಲೀಸ್ ಠಾಣೆಗೂ ಅದೇ ಹೆಸರು. ಉತ್ತರಕ್ಕೆ ಯಲಹಂಕದ ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪದ ಬಾಗಿಲು, ದಕ್ಷಿಣಕ್ಕೆ ಆನೇಕಲ್ಲಿನ ಬಾಗಿಲು ಹೀಗೆ ಆಯಾ ದಿಕ್ಕಿನ ಊರಿಗೆ ಹೋಗುವ ದಾರಿಯೇ ಬಾಗಿಲಿಗೆ ಹೆಸರಾಗಿತ್ತು. ಒಳಗಿನ ದೊಡ್ಡಪೇಟೆಯ ಬೀದಿ ಈಗಿನ ಅವೆನ್ಯೂ ರಸ್ತೆ. ಅದನ್ನು ಅಡ್ಡ ಹಾಯುವ ಚಿಕ್ಕಪೇಟೆಯ ಬೀದಿ ಚಿಕ್ಕಪೇಟೆಯಾಗಿಯೇ ಇದೆ. ಇವೆರಡೂ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿ, ಗೆರೆ ಎಳೆದು ಊರನ್ನು ಗುರುತಿಸಿದರು ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಕಥೆಯನ್ನು ನಂಬುವುದೋ ಬಿಡುವುದೋ ಅವರವರಿಗೆ ಸೇರಿದ್ದು. ಬೀದಿಗಳು ಮಾತ್ರ ಹಾಗೆಯೇ ಒಂದನ್ನೊಂದು ಕತ್ತರಿಸುತ್ತವೆ.

ಇಲ್ಲಿ ಒಂದು ಗೊಂದಲವನ್ನು ತಿಳಿಗೊಳಿಸಬೇಕು. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪಾಂಬುಧಿ ಕೆರೆಯ ಬಳಿ, ಹಲಸೂರು ಕೆರೆಯ ಬಳಿ, ಮೇಖ್ರಿ ವೃತ್ತದ ಹತ್ತಿರ ನಿಂತಿರುವ ಕೆಂಪೇಗೌಡ ಗೋಪುರಗಳನ್ನು ಕೋಟೆಯ ಮೂಲೆಗಳೆಂದು ಹೇಳುವವರುಂಟು. ಕೋಟೆಗೂ ಅವಕ್ಕೂ ಇರುವ ದೂರವನ್ನು ಒಮ್ಮೆ ನಡೆದು ನೋಡಿದರೆ ಆ ಮಾತು ತಾನಾಗಿಯೇ ಬಿದ್ದುಹೋಗುತ್ತದೆ.

ಎರಡನೆಯದು ಪೇಟೆಯ ದಕ್ಷಿಣಕ್ಕೆ ಅಂಟಿಕೊಂಡಿದ್ದ, ಮೊಟ್ಟೆಯ ಆಕಾರದ ಕೋಟೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೇನೆ ಬೆಂಗಳೂರನ್ನು ಗೆದ್ದಿತು; ಬಳಿಕ ಅದು ಶಿವಾಜಿಯ ತಂದೆ ಷಹಾಜಿಯ ಜಹಗೀರಾಯಿತು, ಮುಂದೆ ಮೊಗಲರ ಕೈ ಸೇರಿತು; ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ತೆತ್ತು ಅದನ್ನು ಪಡೆದರು. ಕೋಟೆ ವೆಂಕಟರಮಣಸ್ವಾಮಿಯ ದೇವಸ್ಥಾನ ಅವರ ಕಾಲದ್ದು. ಬೆಂಗಳೂರನ್ನು ಜಹಗೀರಾಗಿ ಪಡೆದ ಹೈದರಾಲಿ 1761ರಲ್ಲಿ ಈ ದಕ್ಷಿಣದ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ. ಸುತ್ತಳತೆ ಸುಮಾರು ಒಂದು ಮೈಲಿ, ಅಗಲವಾದ ಕಂದಕ, ಗೋಡೆಯುದ್ದಕ್ಕೂ 26 ಬುರುಜುಗಳು. ಪೇಟೆಯ ಕಡೆಗೆ ತೆರೆದುಕೊಂಡ ಉತ್ತರದ ಹೆಬ್ಬಾಗಿಲು ದಿಲ್ಲಿ ದರವಾಜೆ. ದಕ್ಷಿಣದ್ದು ಮೈಸೂರು ಬಾಗಿಲು.

ಈಗ ನಿಂತಿರುವುದು ಆ ದಿಲ್ಲಿ ದರವಾಜೆ ಮತ್ತು ಅದರ ಅಕ್ಕಪಕ್ಕದ ಒಂದಿಷ್ಟು ಗೋಡೆ, ಬುರುಜು. ಇದನ್ನು ನಿಧಾನವಾಗಿ ನೋಡಬೇಕು. ಮೊಳೆ ಜಡಿದ ಮರದ ದೊಡ್ಡ ಬಾಗಿಲಿನಲ್ಲಿ, ಒಬ್ಬ ಮನುಷ್ಯ ತಲೆ ತಗ್ಗಿಸಿ ನುಸುಳುವಷ್ಟೇ ಜಾಗದ ದಿಡ್ಡಿ ಬಾಗಿಲಿದೆ. ಹೊತ್ತು ಮುಳುಗಿ ಹೆಬ್ಬಾಗಿಲು ಮುಚ್ಚಿದ ಮೇಲೆ ಬಂದವನು ಹೀಗೆ ಬಗ್ಗಿಯೇ ಒಳಗೆ ಬರಬೇಕು, ಬಗ್ಗಿದವನ ಕೈಯಲ್ಲಿ ಕತ್ತಿಯಿದ್ದರೂ ಅದನ್ನು ಬೀಸಲಾಗದು. ಒಳಗೆ ಕಾಲಿಟ್ಟರೆ ಎದುರಿಗೆ ನೇರ ದಾರಿ ಸಿಗುವುದಿಲ್ಲ. ಎತ್ತರದ ಗೋಡೆಗಳ ನಡುವಿನ ಅಂಗಳ, ಮತ್ತೊಂದು ಬಾಗಿಲು, ಒಂದು ತಿರುವು. ಮೊದಲ ಬಾಗಿಲನ್ನು ಮುರಿದು ನುಗ್ಗಿದ ಶತ್ರು ಇಲ್ಲಿ ಸಿಕ್ಕಿಬಿದ್ದು, ಮೇಲಿನಿಂದ ಬರುವ ಗುಂಡಿಗೆ ಮೈಯೊಡ್ಡಬೇಕೆಂಬುದು ಲೆಕ್ಕಾಚಾರ. ಇಷ್ಟು ಕಠೋರವಾದ ಲೆಕ್ಕಾಚಾರದ ಜಾಗದಲ್ಲಿ ಗೋಡೆಯ ಮೇಲೆ ಪ್ರಾಣಿಪಕ್ಷಿಗಳನ್ನೂ ಹೂಬಳ್ಳಿಗಳನ್ನೂ ಬಿಡಿಸಿದ್ದಾರೆ. ಒಳಗೆ ಒಂದು ಗಣಪತಿಯ ಗುಡಿಯೂ ಇದೆ, ಪೂಜೆ ಇಂದಿಗೂ ನಡೆಯುತ್ತದೆ. ಸುಲ್ತಾನನ ಕೋಟೆಯಲ್ಲಿ ಗಣಪತಿ ಹೇಗೆ ಎಂದು ಹುಬ್ಬೇರಿಸುವವರು, ಈ ಕೋಟೆಯನ್ನು ಕಟ್ಟಿದ ಕಲ್ಲುಕುಟಿಗರೂ ಕಾದ ಕಾವಲುಗಾರರೂ ಯಾರೆಂಬುದನ್ನು ಒಮ್ಮೆ ಯೋಚಿಸಿದರೆ ಸಾಕು.

ಹೊರಗೋಡೆಯಲ್ಲಿ ಕೂರಿಸಿರುವ ಒಂದು ಶಿಲಾಫಲಕ 1791ರ ಮಾರ್ಚ್ 21ರಂದು ಬ್ರಿಟಿಷರು ಈ ಬಿರುಕಿನ ಮೂಲಕ ಲಗ್ಗೆ ಹಾಕಿದರೆಂದು ಇಂಗ್ಲಿಷಿನಲ್ಲಿ ಸಾರುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೇನೆ ಮಾರ್ಚ್ 7ರಂದು ಹಲಸೂರು ಬಾಗಿಲಿನ ಕಡೆಯಿಂದ ಪೇಟೆಯನ್ನು ಹಿಡಿಯಿತು. ಅದೇ ಪೇಟೆಯನ್ನು ಆಸರೆ ಮಾಡಿಕೊಂಡು ಎರಡು ವಾರ ಕೋಟೆಯ ಗೋಡೆಗೆ ಫಿರಂಗಿ ಹೊಡೆದು ಬಿರುಕು ಮಾಡಿ, 21ರ ರಾತ್ರಿ ಬೆಳುದಿಂಗಳಲ್ಲಿ ಏರಿಬಂದಿತು. ಕೋಟೆಯ ಹೊಣೆ ಹೊತ್ತಿದ್ದ ಕಿಲ್ಲೇದಾರ ಬಹದ್ದೂರ್ ಖಾನ್ ಬಿರುಕಿನ ಬಳಿ ಹೋರಾಡುತ್ತಲೇ ಮಡಿದ. ಗೆದ್ದವರ ಫಲಕದಲ್ಲಿ ಅವನ ಹೆಸರಿಲ್ಲ, ಅದು ಸಹಜ. ಆದರೆ ಅವನಿಗಾಗಿ ಪಕ್ಕದಲ್ಲಿ ಇನ್ನೊಂದು ಕಲ್ಲನ್ನು ನೆಡಲು ನಮಗೆ ಇಷ್ಟು ವರ್ಷ ಪುರಸೊತ್ತಾಗಲಿಲ್ಲ ಎಂಬುದಕ್ಕೆ ಬ್ರಿಟಿಷರನ್ನು ದೂರುವಂತಿಲ್ಲ. ಕೋಟೆಯೊಳಗೆ ಹೈದರನು ಆರಂಭಿಸಿದ್ದ ಮರದ ಕಂಬಗಳ ಅರಮನೆ ಟಿಪ್ಪುವಿನ ಕೈಯಲ್ಲಿ ಮುಗಿದದ್ದು ಕೂಡ ಅದೇ 1791ರಲ್ಲಿ.

ಮುತ್ತಿಗೆಯೇ ಕೋಟೆಯನ್ನು ಅಳಿಸಿತೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಇತಿಹಾಸ ಹಾಗೆ ಹೇಳುವುದಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದ ಬಳಿಕ ಬೆಂಗಳೂರು ಟಿಪ್ಪುವಿಗೆ ಮರಳಿತು. ಶತ್ರುವನ್ನು ತಡೆಯದ ಕೋಟೆ ಶತ್ರುವಿಗೇ ಒದಗೀತೆಂದು ಅವನೇ ಅದನ್ನು ಕೆಡವಿಸಿದ. 1799ರ ನಂತರ ದಿವಾನ್ ಪೂರ್ಣಯ್ಯನವರು ದುರಸ್ತಿ ಮಾಡಿಸಿದರು. 1831ರಿಂದ 1868ರವರೆಗೆ ರಾಜ್ಯದ ಕಚೇರಿ ಟಿಪ್ಪುವಿನ ಅರಮನೆಯಲ್ಲೇ ನಡೆದು, ಬಳಿಕ ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಗೆ ಹೋಯಿತು. ಕೋಟೆಗೆ ಕೊನೆಯ ಪೆಟ್ಟು ಬಿದ್ದದ್ದು ಯುದ್ಧವೆಲ್ಲ ಮುಗಿದು ಊರು ನೆಮ್ಮದಿಯಾಗಿ ಬೆಳೆಯತೊಡಗಿದಾಗ. ರಸ್ತೆಗೆಂದು ಗೋಡೆ ಹೋಯಿತು, ಕಂದಕ ತುಂಬಿತು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಂದಿತು, ಅನಂತರ ಕೋಟೆ ಪ್ರೌಢಶಾಲೆ, 1928ರಲ್ಲಿ ಮಾರುಕಟ್ಟೆ, 1935ರಲ್ಲಿ ವಾಣಿ ವಿಲಾಸ ಆಸ್ಪತ್ರೆ.

ಆಸ್ಪತ್ರೆಯನ್ನು ಕಟ್ಟಬಾರದಿತ್ತು ಎಂದು ನಾನು ಹೇಳಲಾರೆ. ಬಡವರ ಹೆರಿಗೆಗೆ, ಕಾಯಿಲೆಗೆ ಜಾಗ ಬೇಕಾದಾಗ ಉಪಯೋಗ ತೀರಿದ ಗೋಡೆಯನ್ನು ಹಿಡಿದುಕೊಂಡು ಕೂರುವುದು ವಿವೇಕವೂ ಅಲ್ಲ. ನನ್ನ ತಕರಾರು ಬೇರೆ. ಗೋಡೆ ಎಲ್ಲಿ ಹಾದುಹೋಗಿತ್ತು, ಮೈಸೂರು ಬಾಗಿಲು ಎಲ್ಲಿ ನಿಂತಿತ್ತು ಎಂಬುದಕ್ಕೆ ದಾರಿಹೋಕನ ಕಣ್ಣಿಗೆ ಬೀಳುವ ಗುರುತನ್ನು ಕೂಡ ಇಡದೆ ಕೆಡವಿದ್ದು ಅಸಡ್ಡೆ. ಅಸಡ್ಡೆಗೂ ನೆಲ ಆಗಾಗ ಉತ್ತರ ಕೊಡುತ್ತದೆ: 2012ರಲ್ಲಿ ಮೆಟ್ರೊ ಕಾಮಗಾರಿಗೆಂದು ಮಾರುಕಟ್ಟೆಯ ಬಳಿ ಅಗೆಯುವಾಗ ಕಬ್ಬಿಣದ ಹಳೆಯ ಫಿರಂಗಿಗಳು ಸಿಕ್ಕವು.

ಇಡೀ ಕೋಟೆ ಹೇಗಿದ್ದೀತೆಂದು ಕಲ್ಪಿಸಿಕೊಳ್ಳಲು ಕಷ್ಟವಾದವರು ದೇವನಹಳ್ಳಿಗೆ ಹೋಗಬಹುದು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದ ಅಲ್ಲಿನ ಮಣ್ಣಿನ ಕೋಟೆಯೂ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನದಾಯಿತು. ಅಲ್ಲಿ ಅರ್ಧಚಂದ್ರಾಕಾರದ ಬುರುಜುಗಳು ಸಾಲಾಗಿ ನಿಂತಿವೆ, ಗೋಡೆಯೊಳಗೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಅದನ್ನು ಕಂಡು ಬಂದು ಮತ್ತೆ ದಿಲ್ಲಿ ದರವಾಜೆಯ ಎದುರು ನಿಂತರೆ, ಈ ತುಣುಕು ಯಾವ ಮೈಯಿಂದ ಕಳಚಿಕೊಂಡದ್ದೆಂಬುದು ತಿಳಿಯುತ್ತದೆ.

ಬೆಂಗಳೂರಿನ ಕೋಟೆಯನ್ನು ನೋಡಲು ಭಾನುವಾರದ ಬೆಳಗ್ಗೆ ಒಳ್ಳೆಯದು. ಲಾರಿಗಳ ಕಾಟ ತುಸು ಕಡಿಮೆ. ದರವಾಜೆಯಿಂದ ಹೊರಟು ಅರಮನೆ, ಅದರ ಮಗ್ಗುಲಿನ ವೆಂಕಟರಮಣಸ್ವಾಮಿ ದೇವಸ್ಥಾನ ಇವನ್ನು ಕಾಲ್ನಡಿಗೆಯಲ್ಲೇ ಮುಗಿಸಬಹುದು. 1791ರ ಮುತ್ತಿಗೆಯ ಕಾಲದಲ್ಲಿ ಇಂಗ್ಲಿಷ್ ಸೇನೆಯವರು ಬರೆದ ಕೋಟೆಯ ನಕ್ಷೆ ಈಗ ಯಾರಿಗೂ ಸುಲಭವಾಗಿ ಸಿಗುತ್ತದೆ. ಅದನ್ನು ಇಂದಿನ ನಕ್ಷೆಯ ಮೇಲಿಟ್ಟು, ಗೋಡೆ ಹಾದುಹೋದ ಕಡೆಯಲ್ಲೆಲ್ಲ ಪಾದಚಾರಿ ದಾರಿಯಲ್ಲಿ ಬೇರೆ ಬಣ್ಣದ ಒಂದು ಸಾಲು ಕಲ್ಲನ್ನು ಹಾಸಿದರೆ ಒಂದು ಮೈಲಿಯಷ್ಟು ಕೆಲಸವಾದೀತು. ಅದು ಆಗುವವರೆಗೆ, ಅಲ್ಲಿಯೇ ಇರುವ ಕೋಟೆ ಪ್ರೌಢಶಾಲೆಯ ಮಕ್ಕಳು ರಜೆಯ ದಿನವೊಂದರಲ್ಲಿ ಮೇಷ್ಟರ ಜೊತೆ ಹೊರಟು, ಆ ಸಾಲನ್ನು ಸುಣ್ಣದ ಪುಡಿಯಲ್ಲಿ ಎಳೆಯಬಹುದು.

ನಮಸ್ಕಾರ.