ಹಿಂದೆ ನೂರು ಜನ ಇದ್ರೂ ವಾಪಸ್ ಇಳೀಬಹುದು

ನಮಸ್ಕಾರ ಎಲ್ರಿಗೂ. ಇವತ್ತು ಒಂದು ವಿಷಯ ನೇರವಾಗೇ ಹೇಳ್ಬಿಡ್ತೀನಿ. ಕಡಿದಾದ ಬೆಟ್ಟ ಹತ್ತೋವಾಗ ಸುತ್ತ ಜನ ಜಾಸ್ತಿ ಇದ್ರೆ ನಮಗೆ ಒಂಥರಾ ಧೈರ್ಯ ಬರುತ್ತೆ, ಇಷ್ಟು ಜನ ಹೋಗ್ತಿದಾರಲ್ಲ ನಮಗೇನಾಗುತ್ತೆ ಅಂತ. ನನಗೆ ಭಯ ಆಗೋದು ಆ ಧೈರ್ಯ ಕಂಡ್ರೇನೇ. ಯಾಕಂದ್ರೆ ಜನ ಇದಾರೆ ಅಂತ ಬಂಡೆ ಜಾರೋದು ಕಮ್ಮಿ ಆಗಲ್ಲ, ಇನ್ನೂ ಜಾಸ್ತಿನೇ ಆಗುತ್ತೆ, ದಿನಾ ಸಾವಿರಾರು ಕಾಲು ಒಂದೇ ಜಾಗ ತುಳಿದು ತುಳಿದು ಕಲ್ಲು ನುಣ್ಣಗಾಗಿರುತ್ತೆ, ಅದ್ರ ಮೇಲೆ ಸ್ವಲ್ಪ ಪುಡಿಮಣ್ಣೋ ನೀರೋ ಬಿದ್ರೆ ಎಂಥ ಒಳ್ಳೆ ಶೂ ಹಾಕಿದ್ರೂ ಗ್ರಿಪ್ ಸಿಗಲ್ಲ.

ಒಂದು ಸಲ ಚೈನ್ ಹಾಕಿರೋ ಒಂದು ಏರಲ್ಲಿ ಲೈನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಳು ಹುಡುಗಿ, ಅವಳ ಬಲಗಾಲು ನನ್ನ ಮುಖದ ಎತ್ತರದಲ್ಲೇ ಇತ್ತು, ಒಂದು ಸಣ್ಣ ಅಂಚಿನ ಮೇಲೆ ಬರೀ ಮುಂಗಾಲು ಇಟ್ಟಿದ್ಲು, ಹಿಮ್ಮಡಿ ಪಟಪಟ ಅಂತ ನಡುಗ್ತಿತ್ತು. ಚೈನ್ ಹಿಡಿದಿದ್ದ ಬೆರಳೆಲ್ಲ ಬಿಳಿಚಿಕೊಂಡಿತ್ತು. ಕೆಳಗಿಂದ ಯಾರೋ "ಬೇಗ ಬೇಗ" ಅಂತ ಕೂಗ್ತಿದ್ರು. ನಾನು ಮೆಲ್ಲಗೆ "ವಾಪಸ್ ಇಳೀತೀಯೇನಮ್ಮಾ" ಅಂತ ಕೇಳಿದೆ. ಅವಳು ತಿರುಗಿ ನೋಡದೇ "ಇಷ್ಟು ಜನ ಹಿಂದೆ ನಿಂತಿದಾರಲ್ಲ ಅಣ್ಣ, ಹೇಗೆ ಇಳೀಲಿ" ಅಂದ್ಲು. ನೋಡಿ, ಅವಳಿಗೆ ಹತ್ತೋ ಮನಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು, ಹಿಂದಿರೋ ಲೈನ್ ಅವಳನ್ನ ಮೇಲಕ್ಕೆ ತಳ್ತಾ ಇತ್ತು ಅಷ್ಟೇ. ಆ ಮಾತು ನನಗೆ ಇವತ್ತಿಗೂ ಮರೆಯೋಕಾಗಿಲ್ಲ, ಈ ವಿಡಿಯೋ ಮಾಡ್ತಿರೋದೂ ಅದಕ್ಕೇನೇ.

ಟೈಮ್ ಲೆಕ್ಕದಲ್ಲೂ ನಾವು ಹೀಗೇ ಮೋಸ ಹೋಗ್ತೀವಿ. ನೇಸ್ಮಿತ್ ಅಂತ ಸ್ಕಾಟ್‌ಲ್ಯಾಂಡಿನ ಬೆಟ್ಟ ಹತ್ತೋರೊಬ್ರು 1892ರಲ್ಲಿ ಒಂದು ಲೆಕ್ಕ ಕೊಟ್ರು, ಸುಮಾರು 5 ಕಿಲೋಮೀಟರ್‌ಗೆ ಒಂದು ಗಂಟೆ, ಅದ್ರ ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದ್ರೆ 6 ಕಿಲೋಮೀಟರ್ ದಾರಿ, 900 ಮೀಟರ್ ಏರು ಇದ್ರೆ ಹತ್ತಿರ ಹತ್ತಿರ ಎರಡೂ ಮುಕ್ಕಾಲು ಗಂಟೆ. ಈ ಲೆಕ್ಕದಲ್ಲಿ ನಿಂತು ಕಾಯೋ ಟೈಮೇ ಇಲ್ಲ! ಲೈನಲ್ಲಿ ಒಂದೂವರೆ ಗಂಟೆ ಹೋಯ್ತು ಅಂದ್ರೆ ನಿಮ್ಮ ನೀರು, ನಿಮ್ಮ ಬೆಳಕು, ನಿಮ್ಮ ಇಳಿಯೋ ಟೈಮು ಎಲ್ಲಾ ಅದ್ರಲ್ಲೇ ಹೋಗೋದು. ಬೆವರಿದ ಬಟ್ಟೆಲಿ ಗಾಳಿಗೆ ನಿಂತ್ರೆ ಮೈ ತಣ್ಣಗಾಗುತ್ತೆ, ಅದೂ ಅಲ್ದೆ ಎತ್ತರ 1000 ಮೀಟರ್ ಏರಿದ್ರೆ ಗಾಳಿಯ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತೆ. ಹಾಗಾಗಿ ಎಷ್ಟು ಗಂಟೆಗೆ ತಿರುಗಿ ಬರ್ತೀವಿ ಅನ್ನೋದನ್ನ ಕೆಳಗೇ ನಿಂತು ತೀರ್ಮಾನ ಮಾಡಿ, ತುದಿ ಇನ್ನು ಹತ್ತೇ ನಿಮಿಷ ದೂರ ಇದ್ರೂ ಆ ಟೈಮ್ ಆಯ್ತು ಅಂದ್ರೆ ತಿರುಗಿ. ಹೆಡ್‌ಲ್ಯಾಂಪ್ ಬ್ಯಾಗಲ್ಲಿ ಇರ್ಲೇಬೇಕು, ಫೋನ್ ಟಾರ್ಚ್ ಹಿಡ್ಕೊಂಡ್ರೆ ಒಂದು ಕೈ ಹೋಯ್ತಲ್ಲ.

ಇನ್ನು ಒಬ್ರಿಗೂ ಇನ್ನೊಬ್ರಿಗೂ ಮಧ್ಯೆ ಬಿಡ್ಬೇಕಾದ ಗ್ಯಾಪ್. ನಿಮ್ಮ ಕಾಲಿಂದ ಜಾರಿದ ಒಂದು ಕಲ್ಲು 20 ಮೀಟರ್ ಸೀದಾ ಕೆಳಗೆ ಬಿದ್ರೆ ಎರಡೇ ಸೆಕೆಂಡಲ್ಲಿ ಗಂಟೆಗೆ 70 ಕಿಲೋಮೀಟರ್ ಸ್ಪೀಡ್ ಬಂದಿರುತ್ತೆ. ಮುಷ್ಟಿಯಷ್ಟು ಕಲ್ಲು ಸಾಕು. ಕಲ್ಲು ಜಾರಿದ ತಕ್ಷಣ ನಾಚಿಕೆ ಪಡದೇ "ಕಲ್ಲು! ಕಲ್ಲು!" ಅಂತ ಕಿರುಚಿ, ಕೆಳಗಿದ್ದೋರು ತಲೆ ಎತ್ತಿ ನೋಡೋಕೆ ಹೋಗ್ಬೇಡಿ, ಬಂಡೆಗೆ ಒತ್ಕೊಂಡು ತಲೆ ಮುಚ್ಕೊಳಿ. ಚೈನ್ ಇರೋ ಕಡೆ ಎರಡು ಕಂಬದ ಮಧ್ಯೆ ಒಬ್ರೇ ಇದ್ರೆ ಒಳ್ಳೇದು, ಮೇಲಿನವರು ಜಾರಿ ಜೋತುಬಿದ್ರೆ ಆ ಚೈನ್ ಎಳೆದ ಹೊಡೆತಕ್ಕೆ ಕೆಳಗಿನವರ ಕೈನೂ ತಪ್ಪುತ್ತೆ. ಕಿರಿದಾದ ದಾರೀಲಿ ಎದುರಿಗೆ ಯಾರಾದ್ರೂ ಬಂದಾಗ ದಾರಿ ಬಿಡೋರು ಯಾವಾಗ್ಲೂ ಗುಡ್ಡದ ಕಡೆ ನಿಲ್ಬೇಕು, ಪ್ರಪಾತದ ಕಡೆ ಅಲ್ಲ. ಮರ್ಯಾದೆಗೆ ಅಂತ ಅಂಚಿಗೆ ಸರಿಯೋರನ್ನ ತುಂಬಾ ಜನನ್ನ ನೋಡಿದೀನಿ, ದಯವಿಟ್ಟು ಬೇಡ.

ಗುಡುಗು ಕೇಳಿಸ್ತಾ, ಇನ್ನು ಮಾತೇ ಇಲ್ಲ, ಇಳೀರಿ. ಚೈನು ಕೇಬಲ್ಲು ಎಲ್ಲಾ ಕಬ್ಬಿಣ.

ಪರ್ಮಿಟ್ ಅಂದ್ರೆ ಸಾಕು ಜನ ಸಿಟ್ಟಾಗ್ತಾರೆ, ಬೆಟ್ಟ ಯಾರಪ್ಪಂದು ಅಂತ. ನಾನು ಪರ್ಮಿಟ್ ಪರ. ಅಮೆರಿಕದ ಯೊಸೆಮಿಟಿಲಿ ಹಾಫ್ ಡೋಮ್ ಅಂತ ಇದೆ, ಕೊನೇ 120 ಮೀಟರ್‌ನಷ್ಟು ಬೋಳು ಬಂಡೆ, ಎರಡು ಕಡೆ ಕೇಬಲ್ ಹಿಡ್ಕೊಂಡೇ ಹತ್ಬೇಕು, ಅಲ್ಲಿ ದಿನಕ್ಕೆ ಸುಮಾರು 300 ಜನಕ್ಕೆ ಮಾತ್ರ ಬಿಡ್ತಾರೆ. ಅಮೆರಿಕದ್ದೇ ಝಯಾನ್ ನ್ಯಾಷನಲ್ ಪಾರ್ಕ್‌ನಲ್ಲಿರೋ ಏಂಜೆಲ್ಸ್ ಲ್ಯಾಂಡಿಂಗ್ ಅನ್ನೋ ಬೆಟ್ಟಕ್ಕೂ 2022ರ ಏಪ್ರಿಲ್‌ನಿಂದ ಪರ್ಮಿಟ್ ಬಂತು. ಯೋಚನೆ ಮಾಡಿ, ಒಂದೇ ಕೇಬಲ್ ದಾರೀಲಿ ಕಿಕ್ಕಿರಿದು ಜನ, ಆಗ ಮಳೆ ಶುರುವಾದ್ರೆ ಮೇಲಿರೋರು ಇಳಿಯೋದು ಯಾವಾಗ? ಹತ್ತೋಕೆ ಜಾಗ ಇದ್ರೆ ಸಾಲ್ದು, ಎಲ್ಲಾರೂ ಒಟ್ಟಿಗೆ ಇಳಿಯೋಕೂ ಜಾಗ ಇರ್ಬೇಕು.

ಇಳಿಯೋದು ಅಂದಾಗ ನೆನಪಾಯ್ತು, ತುದೀಲಿ ಫೋಟೋ ತೆಗೆದ ತಕ್ಷಣ ಮುಗೀತು ಅನ್ಕೋತೀವಿ, ಆದ್ರೆ ತೊಡೆಗೆ ನಿಜವಾದ ಕೆಲಸ ಶುರುವಾಗೋದೇ ಆಗ, ಪ್ರತಿ ಹೆಜ್ಜೆಗೂ ಮೈ ಭಾರಕ್ಕೆ ಬ್ರೇಕ್ ಹಾಕ್ಬೇಕು. ಸಣ್ಣ ಹೆಜ್ಜೆ ಇಡಿ, ಮಂಡಿ ಸ್ವಲ್ಪ ಬಗ್ಗಿರ್ಲಿ, ತೀರಾ ಕಡಿದಾಗಿದ್ರೆ ಮುಖ ಬಂಡೆ ಕಡೆ ಮಾಡಿ ಇಳೀರಿ.

ಆ ಹುಡುಗೀಗೂ ಹಾಗೇ ಮಾಡಿದ್ದು. ನಾನು ಕೆಳಗೆ ನೋಡಿ "ಒಬ್ರು ಇಳೀತಿದಾರೆ, ಜಾಗ ಬಿಡಿ" ಅಂದೆ, ನನ್ನ ಹಿಂದಿದ್ದವರು ಅವರ ಹಿಂದಿನವರಿಗೆ ಹೇಳಿದ್ರು, ಅವರು ಇನ್ನೂ ಕೆಳಗಿನವರಿಗೆ, ನಿಧಾನಕ್ಕೆ ಲೈನ್ ಒಂದು ಪಕ್ಕಕ್ಕೆ ಸರೀತು. ನಾನು ಒಂದೊಂದೇ ಅಂಚು ನೋಡಿ "ಎಡಗಾಲು ಇನ್ನೂ ಸ್ವಲ್ಪ ಕೆಳಗೆ, ಹ್ಞಾಂ ಅಲ್ಲೇ" ಅಂತ ಹೇಳ್ತಾ ಹೋದೆ. ಸಮತಟ್ಟು ಜಾಗಕ್ಕೆ ಬರೋಕೆ ಹತ್ತು ನಿಮಿಷ ಹಿಡೀತು. ಮೊದಲು ಬೇಗ ಬೇಗ ಅಂತ ಕೂಗಿದ್ದವರೇ ಅವಳಿಗೆ ನೀರಿನ ಬಾಟ್ಲಿ ಕೊಟ್ರು.