ಹಳೇ ವಾಲೆಟ್ ಫೈಲ್ ತೆರೆದ್ರೆ ಬ್ಯಾಲೆನ್ಸ್ ಸೊನ್ನೆ ಯಾಕೆ?

ಬಿಟ್‌ಕಾಯಿನ್ ಇಟ್ಕೊಳ್ಳೋ ಪ್ರೋಗ್ರಾಂ ಬಿಟ್‌ಕಾಯಿನ್ ಕೋರ್ ಮುಚ್ಚಿದ್ದಾಯ್ತು, ಅದರ ಫೋಲ್ಡರ್ ತೆರೆದಿದ್ದಾಯ್ತು. ಇಲ್ಲಿ ಕಾಣ್ತಿರೋದೇ ವಾಲೆಟ್ ಡಾಟ್ ಡ್ಯಾಟ್, ನಿಮ್ಮ ಕೀಗಳಿರೋ ವಾಲೆಟ್ ಫೈಲ್. ಪೆನ್‌ಡ್ರೈವ್‌ನಲ್ಲಿರೋ ಹಳೇ ಬ್ಯಾಕಪ್‌ಗೂ ಅದೇ ಹೆಸರು. ಅದನ್ನ ಇಲ್ಲಿಗೆ ಎಳೆದ ತಕ್ಷಣ ವಿಂಡೋಸ್ ಕೇಳುತ್ತೆ, ಇರೋ ಫೈಲ್ ಜಾಗಕ್ಕೆ ಇದನ್ನ ಹಾಕ್ಲಾ ಅಂತ. ದಯವಿಟ್ಟು ಒತ್ತಬೇಡಿ! ಮೊದಲು ಇರೋ ಫೈಲ್‌ನ ಹೆಸರು ಬದಲಾಯಿಸಿ.

ಯಾಕಂದ್ರೆ ಹಳೇದರಲ್ಲಿ ನಿಮ್ಮ ದುಡ್ಡಿನ ಕೀ, ಅಂದ್ರೆ ಅದನ್ನ ಖರ್ಚು ಮಾಡೋಕೆ ಬೇಕಾದ ಗುಟ್ಟಿನ ಸಂಖ್ಯೆ, ಇಲ್ಲದೇ ಇರಬಹುದು. 2016ರಲ್ಲಿ ಬಿಟ್‌ಕಾಯಿನ್ ಕೋರ್‌ನ 0.13 ಆವೃತ್ತಿ ಬರೋವರೆಗೆ ಈ ವಾಲೆಟ್ ಒಂದೊಂದು ಕೀಯನ್ನೂ ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಹುಟ್ಟಿಸ್ತಿತ್ತು. ಮುಂದಕ್ಕೆ ಬೇಕು ಅಂತ 100 ಕೀ ಕೂಡಿಟ್ಕೊಳ್ತಿತ್ತು, ಅಷ್ಟೇ. ಒಂದೇ ಸಲ ಬಂದ 10 ಬಿಟ್‌ಕಾಯಿನ್‌ನಲ್ಲಿ 1 ಕಳಿಸ್ತೀರ ಅನ್ಕೊಳ್ಳಿ. ಶುಲ್ಕ ಕಳೆದು ಉಳಿದ ಚಿಲ್ಲರೆ ಹಳೇ ವಿಳಾಸಕ್ಕೆ ವಾಪಸ್ ಬರಲ್ಲ, ಹೊಸದೊಂದು ವಿಳಾಸಕ್ಕೆ ಹೋಗುತ್ತೆ. ಒಂದೊಂದು ವಿಳಾಸಕ್ಕೂ ಒಂದೊಂದು ಕೀ ಬೇಕು, ಅಲ್ಲಿಗೆ ಒಂದು ಕೀ ಖರ್ಚು. ದುಡ್ಡು ತರಿಸ್ಕೊಳ್ಳೋಕೆ ಹೊಸ ವಿಳಾಸ ಕೇಳಿದ್ರೂ ಒಂದು ಖರ್ಚು. ಬ್ಯಾಕಪ್ ತೆಗೆದ ಮೇಲೆ ಆ 100 ಮುಗೀತೋ, ಅಲ್ಲಿಂದಾಚೆ ಬಂದ ಚಿಲ್ಲರೆಗೆಲ್ಲ ಹಳೇ ಫೈಲ್‌ನಲ್ಲಿ ಕೀಯೇ ಇರಲ್ಲ, ಅದಕ್ಕೇ ಬ್ಯಾಲೆನ್ಸ್ ಸೊನ್ನೆ. ಪಾಸ್‌ವರ್ಡ್ ಹಾಕಿದ್ರಂತೂ 100 ಮುಗಿಯೋವರೆಗೂ ಕಾಯೋದೇ ಬೇಡ. ವಾಲೆಟ್ ಎನ್‌ಕ್ರಿಪ್ಟ್ ಆದ ಕೂಡಲೇ ಕೂಡಿಟ್ಟ ಕೀಗಳನ್ನ ಬಿಟ್ಟು ಹೊಸದು ಮಾಡ್ಕೊಳ್ಳುತ್ತೆ. ಅದಕ್ಕೇ ಎನ್‌ಕ್ರಿಪ್ಟ್ ಮಾಡಿದ ದಿನವೇ ಇನ್ನೊಂದು ಬ್ಯಾಕಪ್ ಬೇಕು. ಫೈಲ್ ಮೆನುವಿನಲ್ಲಿ ಬ್ಯಾಕಪ್ ವಾಲೆಟ್ ಅಂತಲೇ ಇದೆ, ಅದನ್ನ ಬಳಸಿ. ಪ್ರೋಗ್ರಾಂ ಓಡ್ತಿರುವಾಗ ಫೈಲ್ ಕಾಪಿ ಮಾಡಿದ್ರೆ ಅರ್ಧಂಬರ್ಧ ಬರಬಹುದು.

ಇರೋ ಫೈಲ್ ಜಾಗಕ್ಕೆ ಹಳೇದನ್ನ ಹಾಕು ಅಂತ ಆಗಲೇ ಒತ್ತಿಬಿಟ್ಟಿದ್ರೆ ಕಂಪ್ಯೂಟರ್ ಆಫ್ ಮಾಡಿ. ರಿಕವರಿ ಸಾಫ್ಟ್‌ವೇರನ್ನ ಅದೇ ಡಿಸ್ಕಿಗೆ ಹಾಕೋದು ಶುದ್ಧ ತಪ್ಪು, ಉಳಿದಿದ್ದರ ಮೇಲೇ ಅದು ಬರೆಯುತ್ತೆ. ಡಿಸ್ಕ್ ಬಿಚ್ಚಿ, ಬೇರೆ ಮಷೀನಿಗೆ ಹಾಕಿ, ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂನಲ್ಲಿ ಪೂರ್ತಿ ಇಮೇಜ್, ಅಂದ್ರೆ ಇಡೀ ಡಿಸ್ಕಿನ ನಕಲು, ತೆಗೀಬೇಕು. ಈಗ ಓಡ್ತಿರೋದು ಅದೇ. ಎಸ್‌ಎಸ್‌ಡಿ ಆದ್ರೆ ಆಸೆ ಬಿಡಿ, ಅಳಿಸಿದ ಫೈಲ್‌ನ ಜಾಗವನ್ನ ಖಾಲಿ ಮಾಡೋ ಟ್ರಿಮ್ ಅನ್ನೋ ವ್ಯವಸ್ಥೆ ಅಳಿಸಿರುತ್ತೆ. ಅಲ್ಲ, ಪೂರ್ತಿ ಬಿಡಬೇಡಿ. ಡಿಸ್ಕನ್ನ ಹೊರಗಿಂದ ಜೋಡಿಸೋ ಹಳೇ ಯುಎಸ್‌ಬಿ ಡಬ್ಬಿಗಳಲ್ಲಿ ಎಷ್ಟೋ ಸಲ ಟ್ರಿಮ್ ಕೆಲಸವೇ ಮಾಡಲ್ಲ. ಇಮೇಜ್ ತೆಗೆದೇ ನೋಡಿ.

ಇದು ಮುಗಿಯೋಕೆ ಹೊತ್ತು ಹಿಡಿಯುತ್ತೆ. ವೇಲ್ಸ್‌ನ ಜೇಮ್ಸ್ ಹೌವೆಲ್ಸ್ ವಿಷಯ ಗೊತ್ತಲ್ಲ? 2013ರಲ್ಲಿ ಅವರ ಬಿಟ್‌ಕಾಯಿನ್ ಕೀ ಇದ್ದ ಹಾರ್ಡ್ ಡಿಸ್ಕ್ ನ್ಯೂಪೋರ್ಟ್‌ನ ಕಸದ ಗುಂಡಿ ಸೇರಿತು. ಹುಡುಕೋಕೆ ಅನುಮತಿ ಕೊಡಿ ಅಂತ ಕೋರ್ಟಿಗೂ ಹೋದರು, 2025ರ ಜನವರಿಯಲ್ಲಿ ಕೇಸ್ ವಜಾ ಆಯ್ತು. ಹಾಂ, ಇಮೇಜ್ ಬಂತು. ವಾಲೆಟ್ ಕೀಗಳನ್ನ ಹುಡುಕಿ ತೆಗೆಯೋ ಪೈವಾಲೆಟ್ ಪ್ರೋಗ್ರಾಂನ ರಿಕವರ್ ಆಯ್ಕೆಗೆ ಈ ಇಮೇಜನ್ನ ಕೊಡಿ, ಮೂಲ ಡಿಸ್ಕನ್ನಲ್ಲ.