ವೈಫೈ ಕ್ಯಾಮೆರಾ ಮತ್ತು ಮನೆಯ ಗುಟ್ಟು

ಕೇಳುಗರಿಗೆ ನಮಸ್ಕಾರ.

ಬಾಗಿಲ ಮೇಲೊಂದು, ಹಜಾರದಲ್ಲೊಂದು ವೈಫೈ ಕ್ಯಾಮೆರಾ ಹಾಕಿಸುವುದು ಈಗ ಮಾಮೂಲು. ಕಳ್ಳನಿಗೆಂದು ಇಟ್ಟ ಕ್ಯಾಮೆರಾ ದಿನವಿಡೀ ನೋಡುವುದು ಮನೆಯವರನ್ನೇ. ನೀವು ಹೊರಗಿದ್ದು ಆ್ಯಪ್ ತೆರೆದಾಗ ಕ್ಯಾಮೆರಾಕ್ಕೂ ಫೋನಿಗೂ ಕೊಂಡಿ ಹಾಕುವುದು ಸಾಮಾನ್ಯವಾಗಿ ಕಂಪನಿಯ ಸರ್ವರ್. ಕ್ಲೌಡ್ ರೆಕಾರ್ಡಿಂಗಿಗೆ ಚಂದಾ ಕಟ್ಟಿದ್ದರೆ ದೃಶ್ಯದ ಪ್ರತಿಯೂ ಅಲ್ಲೇ ಉಳಿಯುತ್ತದೆ.

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆ, ರೌಟರ್‌ಗಳೊಳಗೆ ನುಗ್ಗಿತು. ಅದರ ಕೈಯಲ್ಲಿದ್ದ ಆಯುಧ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳ ಪಟ್ಟಿ. ಎಲ್ಲವೂ ಕಾರ್ಖಾನೆಯಲ್ಲಿ ಹಾಕಿ ಕಳಿಸಿದವು, ಕೊಂಡವರು ಬದಲಿಸದೇ ಬಿಟ್ಟವು. ಆದ್ದರಿಂದ ಕ್ಯಾಮೆರಾ, ಆ್ಯಪ್ ಖಾತೆ, ರೌಟರ್ ಮೂರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಡಿ. ಆ್ಯಪ್‌ನಲ್ಲಿ ಎರಡು ಹಂತದ ದೃಢೀಕರಣ ಇದ್ದರೆ ಆನ್ ಮಾಡಿ. ರೌಟರ್‌ನಲ್ಲಿ ಯುಪಿಎನ್‌ಪಿ ಎಂಬ ಸೌಲಭ್ಯವನ್ನು ಆಫ್ ಮಾಡಿ. ಅದು ಆನ್ ಇದ್ದರೆ ಸಾಧನಗಳು ನಿಮ್ಮನ್ನು ಕೇಳದೆಯೇ ಹೊರಗಿನವರಿಗೆ ಪೋರ್ಟ್, ಅಂದರೆ ಒಳಬರುವ ದಾರಿ, ತೆರೆದುಕೊಡಬಲ್ಲವು.

ಕ್ಯಾಮೆರಾವನ್ನು ಗೆಸ್ಟ್ ನೆಟ್‌ವರ್ಕಿಗೆ, ಅಂದರೆ ಅತಿಥಿಗಳಿಗೆಂದು ರೌಟರ್ ಕೊಡುವ ಪ್ರತ್ಯೇಕ ವೈಫೈಗೆ, ಹಾಕಿದರೆ ಲ್ಯಾಪ್‌ಟಾಪಿನಿಂದ ಅದು ದೂರ ಉಳಿಯುತ್ತದೆ. ಇಲ್ಲೊಂದು ತೊಡಕಿದೆ. ಗೆಸ್ಟ್ ನೆಟ್‌ವರ್ಕ್ ಬೇರೆಯಾದ್ದರಿಂದ ಮನೆಯಲ್ಲೇ ಕೂತ ನಿಮ್ಮ ಫೋನಿಗೂ ಕ್ಯಾಮೆರಾ ನೇರವಾಗಿ ಕಾಣದೆ, ದೃಶ್ಯ ಕಂಪನಿಯ ಸರ್ವರ್ ಸುತ್ತಿ ಬರಬಹುದು. ಮತ್ತೆ, ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಆವರ್ತನದ ವೈಫೈ ಮಾತ್ರ ಹಿಡಿಯುತ್ತವೆ. ಜೋಡಣೆ ಕೈಕೊಟ್ಟರೆ ಮೊದಲು ಅದನ್ನೇ ನೋಡಿ.

ಎಲ್ಲ ಡೇಟಾ ಗೂಢಲಿಪಿಯಲ್ಲಿ ಹೋಗುತ್ತದಲ್ಲ, ಭಯವೇನು ಎನ್ನುವವರಿದ್ದಾರೆ. ಗೂಢಲಿಪಿ ಚಿತ್ರವನ್ನು ಮುಚ್ಚುತ್ತದೆ, ಡೇಟಾದ ಪ್ರಮಾಣವನ್ನಲ್ಲ. ಚಲನೆ ಕಂಡಾಗ ಮಾತ್ರ ಅಪ್‌ಲೋಡ್ ಮಾಡುವ ಕ್ಯಾಮೆರಾದ ಡೇಟಾ ಸಂಚಾರ ಬೆಳಿಗ್ಗೆ ಏರಿ, ಹತ್ತು ಗಂಟೆಗೆ ಇಳಿದು, ಸಂಜೆ ಮತ್ತೆ ಏರಿದರೆ, ಮನೆ ಯಾವಾಗ ಖಾಲಿ ಎಂಬುದನ್ನು ಊಹಿಸಲು ಚಿತ್ರವೇ ಬೇಕಿಲ್ಲ. ಸಿಬ್ಬಂದಿ ಬಂದು ಓದುತ್ತಿದ್ದ ವಿದ್ಯುತ್ ಮೀಟರಿನ ಬದಲು ಅರ್ಧ ಗಂಟೆಗೊಮ್ಮೆ ಲೆಕ್ಕ ಬರೆಯುವ ಸ್ಮಾರ್ಟ್ ಮೀಟರ್ ಬಂದರೆ ಅದಕ್ಕೂ ಇದೇ ಮಾತು.

ಆದ್ದರಿಂದ ನನ್ನ ಒಲವು ಕ್ಲೌಡಿಗಿಂತ, ಕ್ಯಾಮೆರಾದೊಳಗೇ ದೃಶ್ಯ ಉಳಿಸುವ ಮೆಮೊರಿ ಕಾರ್ಡಿನ ಕಡೆಗೆ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಎಡೆಬಿಡದೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 10.8 ಜಿಬಿ ಬೇಕು. 64 ಜಿಬಿ ಕಾರ್ಡಿನಲ್ಲಿ ಐದು ದಿನದ ದೃಶ್ಯ ಕೂರುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಸಾಧಾರಣ ಕಾರ್ಡ್ ಈ ಸತತ ಬರವಣಿಗೆಗೆ ಬೇಗ ಸವೆಯುತ್ತದೆ. 'ಹೈ ಎಂಡ್ಯೂರೆನ್ಸ್' ಎಂದು ಬರೆದದ್ದನ್ನೇ ಕೊಳ್ಳಿ. ಕಳ್ಳ ಕ್ಯಾಮೆರಾವನ್ನೇ ಕಿತ್ತೊಯ್ದರೆ ಕಾರ್ಡೂ ಹೋಯಿತು, ನಿಜ. ಅದಕ್ಕಾಗಿ ಬಾಗಿಲಾಚೆಯ ಕ್ಯಾಮೆರಾಕ್ಕೆ ಮಾತ್ರ ಕ್ಲೌಡ್ ಇಟ್ಟುಕೊಳ್ಳಬಹುದು, ಒಳಗಿನದಕ್ಕೆ ಬೇಡ.

ಕಾನೂನಿನ ಆಸರೆಯೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಮತ್ತು ದತ್ತಾಂಶ ಅಳಿಸಲು ಕೇಳುವ ಹಕ್ಕನ್ನು ಬರೆದಿಟ್ಟಿದೆ.

ಹಳೆಯ ಕ್ಯಾಮೆರಾ ಮಾರುವಾಗ ಕ್ರಮ ತಪ್ಪಬಾರದು. ಮೊದಲು ಕ್ಲೌಡ್‌ನಲ್ಲಿರುವ ದೃಶ್ಯ ಅಳಿಸಿ, ನಂತರ ಆ್ಯಪ್ ಖಾತೆಯಿಂದ ಕ್ಯಾಮೆರಾವನ್ನು ತೆಗೆದುಹಾಕಿ, ಆಮೇಲೆ ರೀಸೆಟ್ ಗುಂಡಿ ಒತ್ತಿ. ಮೆಮೊರಿ ಕಾರ್ಡನ್ನು ಮಾತ್ರ ಕೊಡಬೇಡಿ. ಸುಮ್ಮನೆ ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದ ಹಳೆಯ ದೃಶ್ಯಗಳನ್ನು ಮತ್ತೆ ಎತ್ತಬಹುದು.

ನಮಸ್ಕಾರ.